ಫೀಸು ಯಾರು ಕಟ್ಟಬೇಕು? - ಅಕ್ಕನ ಫೈಲಿನಿಂದ ಶುರುವಾದ ಒಂದು ಇತಿಹಾಸ

ತುಂಬ ದಿನಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ರಿಲೀಸು, ರಿಲೀಸು ಮುಗಿದ ಮೇಲೆ ಬಗ್ಗು, ಬಗ್ಗು ಮುಗಿದ ಮೇಲೆ ಮತ್ತೆ ರಿಲೀಸು... ನಿಮಗೂ ಗೊತ್ತಿರೋ ಕಥೆಯೇ ಬಿಡಿ. ಆದರೆ ಈ ಸಲ ಬರೆಯದೇ ಇದ್ದದ್ದಕ್ಕೆ ಆಫೀಸು ಕಾರಣ ಅಲ್ಲ. ಕಳೆದ ಎರಡು ತಿಂಗಳಿಂದ ರಾತ್ರಿ ಊಟ ಆದಮೇಲೆ ನಾನು ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ಓದ್ತಾ ಕೂತಿದ್ದೆ. ನಗಬೇಡಿ. ಇಂಜಿನಿಯರಿಂಗ್ ಓದುವಾಗ ಒಂದು ಟೆಕ್ಸ್ಟ್ ಬುಕ್ಕನ್ನೂ ಇಷ್ಟು ಶ್ರದ್ಧೆಯಿಂದ ಓದಿದವನಲ್ಲ ನಾನು.

ಶುರುವಾಗಿದ್ದು ಅಕ್ಕನ ಫೋನಿಂದ. ಅಕ್ಕ, ಭಾವ ಇರೋದು ನ್ಯೂಜೆರ್ಸಿಯಲ್ಲಿ. ಅವರ ಮಗ ಪುಟ್ಟನಿಗೆ ಈಗ ಆರು ವರ್ಷ. ಮೂರು ವರ್ಷ ಆಗೋ ಹೊತ್ತಿಗೆ ಆಟಿಸಂ ಅಂತ ಗೊತ್ತಾಯ್ತು. (ಅಕ್ಕನ ಒಪ್ಪಿಗೆ ತಗೊಂಡೇ ಇದನ್ನು ಬರೀತಿದೀನಿ. ಹೆಸರು, ಊರು, ಶಾಲೆ ಯಾವುದೂ ಬೇಡ ಅಂದಿದ್ದಾಳೆ.)

"ಪುರುಸೊತ್ತಿದ್ಯಾ ಮಾರಾಯ?" ಅಂದಳು. ಅವಳ ದನಿ ಕೇಳಿದ್ರೇ ಗೊತ್ತಾಗ್ತಿತ್ತು, ಅತ್ತು ಮುಗಿಸಿ ಫೋನ್ ಮಾಡಿದ್ದಾಳೆ ಅಂತ.

ವಿಷಯ ಇಷ್ಟು. ಪುಟ್ಟ ಹೋಗ್ತಿರೋ ಸರ್ಕಾರಿ ಶಾಲೆಯಲ್ಲಿ ಅವನಿಗೆ ಅಂತ ವರ್ಷಕ್ಕೊಂದು ಯೋಜನೆ ಬರೀತಾರೆ. ಐಇಪಿ ಅಂತ ಕರೀತಾರೆ ಅದನ್ನ. ಮಗು ಈ ವರ್ಷ ಏನೇನು ಕಲೀಬೇಕು, ಯಾರು ಕಲಿಸ್ತಾರೆ, ವಾರಕ್ಕೆ ಎಷ್ಟು ಹೊತ್ತು ಅಂತೆಲ್ಲ ಅದರಲ್ಲಿರುತ್ತೆ. ಈ ವರ್ಷದ್ದನ್ನು ಅಕ್ಕ ತಂದು ಹೋದ ವರ್ಷದ್ದರ ಪಕ್ಕ ಇಟ್ಟು ನೋಡಿದ್ಲಂತೆ. ಗುರಿಗಳೆಲ್ಲ ಅವೇ. ತಾರೀಕು ಮಾತ್ರ ಬೇರೆ! ನಮ್ಮ ಕೆಲಸದಲ್ಲಿ ಕಾಪಿ ಪೇಸ್ಟ್ ಮಾಡಿದ್ರೆ ಕೋಡ್ ರಿವ್ಯೂನಲ್ಲಿ ಬೈಸ್ಕೋತೀವಿ. ಅಲ್ಲಿ ಒಂದು ಮಗುವಿನ ಒಂದು ವರ್ಷವನ್ನೇ ಕಾಪಿ ಪೇಸ್ಟ್ ಮಾಡಿದ್ರು.

ಮನೆಯಿಂದ ಅರ್ಧ ಗಂಟೆ ದೂರದಲ್ಲಿ ಒಂದು ಖಾಸಗಿ ವಿಶೇಷ ಶಾಲೆ ಇದೆ. ನೋಡ್ಕೊಂಡು ಬಂದಿದ್ದಾರೆ. ಅಲ್ಲಿನ ಟೀಚರ್ ಒಬ್ಬರ ಜೊತೆ ಪುಟ್ಟ ಇಪ್ಪತ್ತು ನಿಮಿಷ ಕೂತಿದ್ದನಂತೆ. ಎದ್ದು ಓಡ್ಲಿಲ್ಲ. ಅಕ್ಕನಿಗೆ ಅಷ್ಟೇ ಸಾಕಿತ್ತು. ಆದರೆ ಅಲ್ಲಿಯ ವರ್ಷದ ಫೀಸು ಭಾವನ ಸಂಬಳದ ಮುಕ್ಕಾಲು ಭಾಗ!

"ಅಪ್ಪ ಸಾಗರದ ಸೈಟು ಮಾರ್ತೀನಿ ಅಂತಿದಾರೆ ಕಣೋ. ಸರ್ಕಾರದ ಹತ್ರ ಫೀಸು ವಾಪಸ್ ಕೇಳಬಹುದು ಅಂತ ಇಲ್ಲಿ ಒಬ್ಬರು ಅಮ್ಮ ಹೇಳಿದ್ರು. ನಮ್ಮಂಥ ವೀಸಾದವರು ಕೇಳಬಹುದಾ? ಕೇಳಿದ್ರೆ ಕೊಡ್ತಾರಾ? ನೀನು ಸ್ವಲ್ಪ ಓದಿ ಹೇಳ್ತೀಯಾ? ನಂಗೆ ಓದಕ್ಕೆ ಕೂತ್ರೆ ಕಣ್ಣಲ್ಲಿ ನೀರು ಬರುತ್ತೆ."

ಹೀಗೆ ನಾನು ಓದೋಕೆ ಕೂತೆ. ಓದ್ತಾ ಓದ್ತಾ ಗೊತ್ತಾಯ್ತು, ಅಕ್ಕನ ಪ್ರಶ್ನೆಗೆ ಐವತ್ತು ವರ್ಷದ ಇತಿಹಾಸ ಇದೆ ಅಂತ. ಒಂದೊಂದು ತೀರ್ಪಿನ ಹಿಂದೆಯೂ ಒಂದು ಮಗು ಇದೆ. ಅದನ್ನೇ ನಿಮ್ಮ ಜೊತೆ ಹಂಚ್ಕೋತೀನಿ. ಸ್ವಲ್ಪ ಉದ್ದ ಇದೆ, ಕಾಫಿ ಲೋಟ ಹಿಡ್ಕೊಂಡು ಕೂತ್ಕೊಳ್ಳಿ :)

*

ಮೊದಲು ಒಂದು ವಿಷಯ ನನ್ನನ್ನೇ ಬೆಚ್ಚಿ ಬೀಳಿಸ್ತು. ಅಮೆರಿಕ ಅಂದ್ರೆ ಎಲ್ಲ ಮೊದಲಿಂದಲೂ ಸರಿ ಇತ್ತು ಅಂದ್ಕೊಂಡಿದ್ದೆ. ಇಲ್ಲ ಸ್ವಾಮಿ. 1970ರ ಹೊತ್ತಿಗೂ ಅಲ್ಲಿ ಅನೇಕ ರಾಜ್ಯಗಳಲ್ಲಿ "ಈ ಮಗುವಿಗೆ ಕಲಿಯೋಕಾಗಲ್ಲ" ಅಂತ ಹೇಳಿ ಶಾಲೆಯಿಂದ ಹೊರಗಿಡೋಕೆ ಕಾನೂನೇ ಅವಕಾಶ ಕೊಡ್ತಿತ್ತು.

1954ರಲ್ಲಿ ಬ್ರೌನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಪ್ಪು ಮಕ್ಕಳನ್ನೂ ಬಿಳಿ ಮಕ್ಕಳನ್ನೂ ಬೇರೆ ಬೇರೆ ಶಾಲೆಯಲ್ಲಿಡೋದು ತಪ್ಪು ಅಂತ ಹೇಳಿತ್ತಲ್ಲ, ಅದನ್ನು ಓದಿದ ಅಂಗವಿಕಲ ಮಕ್ಕಳ ಅಪ್ಪ ಅಮ್ಮಂದಿರು "ಹಾಗಾದ್ರೆ ನಮ್ಮ ಮಕ್ಕಳು?" ಅಂತ ಕೇಳೋಕೆ ಶುರು ಮಾಡಿದ್ರು. ಪೆನ್ಸಿಲ್ವೇನಿಯಾದಲ್ಲಿ ಬುದ್ಧಿಮಾಂದ್ಯ ಮಕ್ಕಳ ಪೋಷಕರ ಸಂಘ ರಾಜ್ಯದ ಮೇಲೇ ಕೇಸು ಹಾಕಿತು. 1971ರಲ್ಲಿ ರಾಜ್ಯ ಒಪ್ಪಂದಕ್ಕೆ ಬಂತು.

ಮರುವರ್ಷ, 1972ರಲ್ಲಿ, ರಾಜಧಾನಿ ವಾಷಿಂಗ್ಟನ್ನಿನಲ್ಲಿ ಮಿಲ್ಸ್ ಪ್ರಕರಣ. ಏಳು ಮಕ್ಕಳ ಪರವಾಗಿ ಹಾಕಿದ ಕೇಸು. ಆ ಊರಲ್ಲಿ ವಿಶೇಷ ಅಗತ್ಯವಿರೋ ಮಕ್ಕಳು ಸುಮಾರು 22,000 ಇದ್ದಾರೆ, ಅದರಲ್ಲಿ 18,000ದಷ್ಟು ಮಕ್ಕಳಿಗೆ ಯಾವ ವ್ಯವಸ್ಥೆಯೂ ಇಲ್ಲದಿರಬಹುದು ಅನ್ನೋ ಅಂದಾಜು ಕೋರ್ಟಿನ ಮುಂದೆ ಬಂತು. ಶಾಲಾ ಮಂಡಳಿಯ ಉತ್ತರ ನಮಗೂ ಚೆನ್ನಾಗಿ ಪರಿಚಯ ಇರೋದೇ. "ದುಡ್ಡಿಲ್ಲ." ನ್ಯಾಯಾಧೀಶ ಜೋಸೆಫ್ ವಾಡಿ ಇದನ್ನ ಒಪ್ಪಲಿಲ್ಲ. ದುಡ್ಡು ಕಡಿಮೆ ಇದ್ರೆ ಇರೋದನ್ನೇ ಎಲ್ಲರಿಗೂ ನ್ಯಾಯವಾಗಿ ಹಂಚಿ, ಕೊರತೆಯ ಭಾರವನ್ನೆಲ್ಲ ಈ ಮಕ್ಕಳ ತಲೆ ಮೇಲೇ ಹಾಕಬೇಡಿ ಅನ್ನೋದು ಅವರ ತೀರ್ಪಿನ ಸಾರ.

ಇದನ್ನು ಓದುವಾಗ ನಂಗೆ ನೆನಪಾದದ್ದು ನಮ್ಮ ಚಿಕ್ಕಪ್ಪ. ಹುಟ್ಟಿನಿಂದ ಕಿವಿ ಕೇಳಲ್ಲ. ಅಜ್ಜ ಒಂದು ದಿನ ಅವರನ್ನ ಕೈ ಹಿಡಿದು ಊರ ಶಾಲೆಗೆ ಕರ್ಕೊಂಡು ಹೋಗಿದ್ರಂತೆ. ಮೇಷ್ಟ್ರು ನೋಡಿ "ಇವನಿಗೆ ಕೇಳೋದೇ ಇಲ್ವಲ್ಲ ಹೆಗಡೇರೆ, ಮನೇಲೇ ಇರ್ಲಿ ಬಿಡಿ" ಅಂದ್ರಂತೆ. ಕೆಟ್ಟ ಮನಸ್ಸಿಂದ ಅಂದಿದ್ದಲ್ಲ ಅದು. ಅಜ್ಜನೂ ವಾದ ಮಾಡಲಿಲ್ಲ. ವಾಪಸ್ ಕರ್ಕೊಂಡು ಬಂದ್ರು. ಚಿಕ್ಕಪ್ಪ ಈಗಲೂ ಅಡಿಕೆ ಸುಲಿಯೋದರಲ್ಲಿ ಊರಿಗೇ ಮೊದಲು. ಆದರೆ ತನ್ನ ಹೆಸರು ಬರೆಯೋಕೆ ಬರಲ್ಲ.

ಮೇಷ್ಟ್ರು ಹಾಗಂದಾಗ ಚಿಕ್ಕಪ್ಪನಿಗೆ ಏಳು ವರ್ಷ. ಲೆಕ್ಕ ಹಾಕಿ ನೋಡಿದೆ, ಮಿಲ್ಸ್ ತೀರ್ಪು ಬಂದ ಆಸುಪಾಸಿನ ವರ್ಷವೇ ಅದು.

*

ಈ ಎರಡು ಕೇಸುಗಳ ಬಿಸಿಯಲ್ಲೇ 1975ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ತಂತು. ಆಗ ಸಂಸತ್ತು ಕಂಡುಕೊಂಡ ಲೆಕ್ಕ: ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಅಂಗವಿಕಲ ಮಕ್ಕಳಿದ್ದಾರೆ, ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸರಿಯಾದ ಶಿಕ್ಷಣ ಸಿಗ್ತಿಲ್ಲ, 10 ಲಕ್ಷ ಮಕ್ಕಳು ಸರ್ಕಾರಿ ಶಾಲೆಯ ವ್ಯವಸ್ಥೆಯಿಂದ ಪೂರ್ತಿ ಹೊರಗಿದ್ದಾರೆ. ಅಧ್ಯಕ್ಷ ಜೆರಾಲ್ಡ್ ಫೋರ್ಡ್ ನವೆಂಬರ್ 29ರಂದು ಸಹಿ ಹಾಕಿದ್ರು. ಹಾಕುವಾಗಲೇ ಗೊಣಗಿದ್ರು ಕೂಡ, ಕೇಂದ್ರ ಸರ್ಕಾರ ಕೊಡಲಾಗದಷ್ಟನ್ನು ಈ ಕಾನೂನು ಮಾತು ಕೊಡ್ತಿದೆ ಅಂತ. ಅವರ ಮಾತು ಸುಳ್ಳಾಗಲಿಲ್ಲ. ಒಂದು ಮಗುವಿಗೆ ದೇಶದಲ್ಲಿ ಸರಾಸರಿ ಎಷ್ಟು ಖರ್ಚಾಗುತ್ತೋ ಅದರ 40 ಶೇಕಡಾವರೆಗೆ ಕೇಂದ್ರ ಕೊಡುತ್ತೆ ಅಂತ ಇತ್ತು. ಇವತ್ತಿನವರೆಗೆ ಒಂದು ವರ್ಷವೂ ಅಷ್ಟು ಕೊಟ್ಟಿಲ್ಲ. ಸ್ಥಳೀಯ ಶಾಲಾ ಮಂಡಳಿಗಳು ಇಷ್ಟು ಬಿಗಿ ಹಿಡಿಯೋದಕ್ಕೆ ಒಂದು ಕಾರಣ ಇದು. ಅವರ ಬಗ್ಗೆ ಕೋಪ ಬಂದಾಗೆಲ್ಲ ನಾನು ಈ 40ನ್ನು ನೆನಪು ಮಾಡ್ಕೋತೀನಿ.

ಕಾನೂನಿನ ತಿರುಳು ಒಂದೇ ಸಾಲು. ಪ್ರತಿ ಅಂಗವಿಕಲ ಮಗುವಿಗೂ "ಉಚಿತ ಮತ್ತು ಸೂಕ್ತ" ಸಾರ್ವಜನಿಕ ಶಿಕ್ಷಣ. 1990ರಲ್ಲಿ ಈ ಕಾನೂನಿಗೆ ಐಡಿಯಾ ಅಂತ ಹೊಸ ಹೆಸರು ಬಂತು, ಆಟಿಸಂ ಕೂಡ ಆಗಲೇ ಪಟ್ಟಿಗೆ ಪ್ರತ್ಯೇಕವಾಗಿ ಸೇರಿತು. ಶಾಲಾ ಮಂಡಳಿಗೆ ತನ್ನಲ್ಲಿ ಸೂಕ್ತ ವ್ಯವಸ್ಥೆ ಇಲ್ಲ ಅನ್ನಿಸಿದ್ರೆ ತಾನೇ ಮಗುವನ್ನು ಖಾಸಗಿ ಶಾಲೆಗೆ ಕಳಿಸಬಹುದು. ಆಗ ಫೀಸು ಮಂಡಳಿಯದ್ದೇ. ಇದರಲ್ಲಿ ಜಗಳ ಇಲ್ಲ.

ಜಗಳ ಇರೋದು "ಸೂಕ್ತ" ಅನ್ನೋ ಪದದಲ್ಲಿ. ಸಾಫ್ಟ್‌ವೇರ್‌ನವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ರಿಕ್ವೈರ್‌ಮೆಂಟ್ ಡಾಕ್ಯುಮೆಂಟಿನಲ್ಲಿ ಕ್ಲೈಂಟು "ಸಿಸ್ಟಂ ಸೂಕ್ತ ವೇಗದಲ್ಲಿ ಕೆಲಸ ಮಾಡಬೇಕು" ಅಂತ ಬರೆದ್ರೆ ಏನಾಗುತ್ತೆ? ಅವರ ಸೂಕ್ತ ಬೇರೆ, ನಮ್ಮ ಸೂಕ್ತ ಬೇರೆ. ಕೊನೆಗೆ ಜಗಳ. ಇಲ್ಲೂ ಅದೇ ಆಯ್ತು.

ಮೊದಲ ಜಗಳ ಏಮಿ ರೌಲಿ ಅನ್ನೋ ಕಿವಿ ಕೇಳದ ಪುಟ್ಟ ಹುಡುಗಿಯದ್ದು, ನ್ಯೂಯಾರ್ಕ್ ರಾಜ್ಯದಲ್ಲಿ. ಜಾಣೆ. ತುಟಿ ನೋಡಿ ಅರ್ಥ ಮಾಡ್ಕೊಂಡು ಪಾಸಾಗ್ತಿದ್ಲು. ಆದರೆ ತರಗತಿಯಲ್ಲಿ ಆಡೋ ಮಾತಿನಲ್ಲಿ ಎಷ್ಟೋ ಅವಳ ಕೈ ತಪ್ಪಿ ಹೋಗ್ತಿತ್ತು. ಸನ್ನೆ ಭಾಷೆಯ ದುಭಾಷಿ ಕೊಡಿ ಅಂತ ಅಪ್ಪ ಅಮ್ಮ ಕೇಳಿದ್ರು. ಅವರಿಗೂ ಕಿವಿ ಕೇಳ್ತಿರಲಿಲ್ಲ. ಅವರ ಪರ ಸುಪ್ರೀಂ ಕೋರ್ಟಿನಲ್ಲಿ ವಾದ ಮಾಡಿದ ವಕೀಲ ಮೈಕೆಲ್ ಚಾಟಫ್‌ಗೂ ಕಿವಿ ಕೇಳ್ತಿರಲಿಲ್ಲ! 1982ರ ಮಾರ್ಚ್‌ನಲ್ಲಿ, ನ್ಯಾಯಮೂರ್ತಿಗಳು ಕೇಳೋ ಪ್ರಶ್ನೆ ಆ ಕ್ಷಣವೇ ಅಕ್ಷರವಾಗಿ ಮೂಡೋ ಕಂಪ್ಯೂಟರ್ ಪರದೆಯನ್ನು ಅವರ ಮುಂದೆ ಇಟ್ಟಿದ್ರು. ನಮ್ಮ ಕಸುಬು ಯಾವತ್ತಾದ್ರೂ ಒಂದು ಒಳ್ಳೆ ಕೆಲಸಕ್ಕೆ ಬಂದಿದೆಯಾ ಅಂತ ಯಾರಾದ್ರೂ ಕೇಳಿದ್ರೆ ಇನ್ಮೇಲೆ ನಾನು ಇದನ್ನೇ ಹೇಳೋದು.

ಆದರೆ ಕೇಸು ಸೋತಿತು. 1982ರ ಜೂನ್ 28, 6-3 ತೀರ್ಪು. ಕಾನೂನು ಮಗುವಿಗೆ ಅತ್ಯುತ್ತಮವಾದದ್ದನ್ನು ಕೊಡು ಅನ್ನಲ್ಲ, ಪ್ರಯೋಜನ ಆಗುವಂಥದ್ದನ್ನು ಕೊಡು ಅನ್ನುತ್ತೆ ಅಷ್ಟೇ ಅಂತ ಕೋರ್ಟು ಹೇಳ್ತು.

ಅಕ್ಕನ ವೀಸಾ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ಅದೇ ತಿಂಗಳಲ್ಲಿ. ಏಮಿ ತೀರ್ಪಿಗೆ 13 ದಿನ ಮೊದಲು, ಜೂನ್ 15ರಂದು, ಪ್ಲೈಲರ್ ಅನ್ನೋ ಟೆಕ್ಸಾಸಿನ ಪ್ರಕರಣದಲ್ಲಿ, ಕಾಗದಪತ್ರ ಇಲ್ಲದೆ ದೇಶದೊಳಗಿರೋ ಮಕ್ಕಳನ್ನೂ ಸರ್ಕಾರಿ ಶಾಲೆಯಿಂದ ಹೊರಗಿಡೋ ಹಾಗಿಲ್ಲ ಅಂತ ಕೋರ್ಟು ಹೇಳಿತ್ತು. ಕಾಗದ ಇಲ್ಲದವರ ಮಕ್ಕಳಿಗೇ ಬಾಗಿಲು ತೆರೆದಿದೆ ಅಂದಮೇಲೆ ವೀಸಾ ಇರೋರ ಪುಟ್ಟ ಯಾಕೆ ಹೆದರಬೇಕು? ಇದನ್ನ ಅಕ್ಕನಿಗೆ ಹೇಳಿದ ದಿನ ಅವಳು ಮೊದಲ ಸಲ ಸ್ವಲ್ಪ ಉಸಿರು ಬಿಟ್ಟಳು.

*

ಈಗ ಫೀಸಿನ ಕಥೆಗೆ ಬರೋಣ.

1979, ಮ್ಯಾಸಚೂಸೆಟ್ಸಿನ ಬರ್ಲಿಂಗ್ಟನ್ ಊರು. ಮೈಕೆಲ್ ಪಾನಿಕೋ ಅಂತ ಹುಡುಗ, ಮೂರನೇ ಕ್ಲಾಸು ಮುಗಿಸಿದ್ದ. ಒಂದನೇ ಕ್ಲಾಸಿಂದಲೂ ಓದೋದು ಕಷ್ಟ. ಊರಿನವರು ಒಂದು ಸರ್ಕಾರಿ ಶಾಲೆ ತೋರಿಸಿದ್ರು. ಅಪ್ಪನಿಗೆ ಅದು ಸರಿ ಅನ್ನಿಸಲಿಲ್ಲ. ಮೇಲ್ಮನವಿ ಹಾಕಿದ್ರು. ವಿಚಾರಣೆ ಮುಗಿಯೋವರೆಗೆ ಕಾಯಲಿಲ್ಲ. ಆಗಸ್ಟ್‌ನಲ್ಲಿ ಕ್ಯಾರಲ್ ಸ್ಕೂಲ್ ಅನ್ನೋ ಖಾಸಗಿ ಶಾಲೆಗೆ ಸ್ವಂತ ದುಡ್ಡಲ್ಲಿ ಸೇರಿಸಿಬಿಟ್ರು.

ಊರಿನವರ ವಾದ ಏನಪ್ಪಾ ಅಂದ್ರೆ, ಜಗಳ ಮುಗಿಯೋವರೆಗೆ ಮಗು ಇದ್ದ ಕಡೆಯೇ ಇರಬೇಕು ಅಂತ ಕಾನೂನಿನಲ್ಲಿದೆ, ನೀವೇ ಎತ್ತಾಕೊಂಡು ಹೋದಿರಿ, ಫೀಸು ಕೇಳೋ ಹಕ್ಕು ಕಳ್ಕೊಂಡ್ರಿ. 1985ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಇದನ್ನ ತಳ್ಳಿಹಾಕ್ತು. ವಿಚಾರಣೆಗಳು ವರ್ಷಗಟ್ಟಲೆ ಎಳೆಯುತ್ತವೆ. ಅಲ್ಲಿಯವರೆಗೆ ಅಪ್ಪ ಅಮ್ಮನ ಮುಂದೆ ಇರೋದು ಎರಡೇ ದಾರಿ. ಸರಿಯಿಲ್ಲದ ಶಾಲೆಯಲ್ಲಿ ಮಗುವಿನ ವರ್ಷ ಹಾಳು ಮಾಡೋದು, ಇಲ್ಲಾ ಕೈಯಿಂದ ದುಡ್ಡು ಹಾಕಿ ಸರಿಯಾದ ಶಾಲೆಗೆ ಕಳಿಸೋದು. ಕೊನೆಗೆ ಅಪ್ಪ ಅಮ್ಮನೇ ಸರಿ ಅಂತ ತೀರ್ಮಾನವಾದ್ರೆ ಆ ದುಡ್ಡು ವಾಪಸ್ ಸಿಗದೇ ಇದ್ರೆ "ಉಚಿತ" ಅನ್ನೋ ಪದಕ್ಕೆ ಅರ್ಥವೇನು? ಮೊದಲೇ ಕೊಡಬೇಕಿದ್ದ ದುಡ್ಡನ್ನು ತಡವಾಗಿ ಕೊಡ್ತಿದ್ದಾರೆ ಅಷ್ಟೇ, ಇದು ದಂಡ ಅಲ್ಲ ಅಂತ ಕೋರ್ಟು ನೋಡಿತು.

ಅದೇ ತೀರ್ಪಿನಲ್ಲಿ ಒಂದು ಎಚ್ಚರಿಕೆಯೂ ಇದೆ. ಹೀಗೆ ತಾವಾಗಿಯೇ ಸೇರಿಸೋ ಅಪ್ಪ ಅಮ್ಮ ತಮ್ಮ ಜವಾಬ್ದಾರಿಯಲ್ಲಿ ಸೇರಿಸ್ತಾರೆ. ಗೆದ್ರೆ ಸರಿ, ಸೋತ್ರೆ ದುಡ್ಡು ಹೋಯ್ತು. ಈ ಸಾಲಿಗೆ ಬಂದಾಗ ನನ್ನ ಕಣ್ಣ ಮುಂದೆ ಬಂದಿದ್ದು ಸಾಗರದ ಸೈಟು.

ಆಮೇಲೆ ಶ್ಯಾನನ್ ಕಾರ್ಟರ್. ದಕ್ಷಿಣ ಕೆರೊಲಿನಾದ ಹುಡುಗಿ. ಅಕ್ಷರಗಳು ಕೈಗೆ ಸಿಗ್ತಿರಲಿಲ್ಲ. ಒಂಬತ್ತನೇ ಕ್ಲಾಸಿಗೆ ಬರೋವರೆಗೆ ಅದು ಕಲಿಕೆಯ ತೊಂದರೆ ಅಂತ ಸರಿಯಾಗಿ ಗುರುತಿಸಿದವರಿಲ್ಲ. 1985ರಲ್ಲಿ ಮಂಡಳಿ ಬರೆದ ಯೋಜನೆ ನೋಡಿ: ಇಡೀ ವರ್ಷ ಕಲಿಸಿ ಓದಿನಲ್ಲಿ 5.4ನೇ ತರಗತಿ ಮಟ್ಟದಿಂದ 5.8ಕ್ಕೆ ತರ್ತೀವಿ! ಅಂದ್ರೆ ಒಂದು ವರ್ಷದಲ್ಲಿ ನಾಲ್ಕು ತಿಂಗಳ ಕಲಿಕೆ. ಹೀಗಾದ್ರೆ ಹುಡುಗಿ ಪ್ರತಿ ವರ್ಷ ಓದ್ತಾ ಓದ್ತಾನೇ ಹಿಂದೆ ಬೀಳ್ತಾಳೆ. ಅಪ್ಪ ಅಮ್ಮ ಅವಳನ್ನ ಟ್ರೈಡೆಂಟ್ ಅಕಾಡೆಮಿಗೆ ಸೇರಿಸಿದ್ರು. 1988ರಲ್ಲಿ ಅವಳು ಅಲ್ಲಿಂದಲೇ ಹೈಸ್ಕೂಲು ಮುಗಿಸಿದ್ಲು. ಓದಿ ಅರ್ಥ ಮಾಡ್ಕೊಳ್ಳೋ ಮಟ್ಟ ಮೂರು ವರ್ಷದಲ್ಲಿ ಮೂರು ತರಗತಿ ಮೇಲೇರಿತ್ತು.

ಮಂಡಳಿಯವರು ಹಿಡಿದ ಹಟ ಏನು ಗೊತ್ತಾ? ಆ ಶಾಲೆ ರಾಜ್ಯದ ಮಾನ್ಯತೆ ಪಡೆದ ಪಟ್ಟಿಯಲ್ಲಿಲ್ಲ, ಹಾಗಾಗಿ ಫೀಸು ಕೊಡಲ್ಲ. ಅಂದ್ರೆ ತಾವು ಕಲಿಸಲಿಲ್ಲ, ಕಲಿಸಿದವರ ಹತ್ರ ಸೀಲು ಇಲ್ಲ! 1993ರ ಅಕ್ಟೋಬರ್ 6ಕ್ಕೆ ಸುಪ್ರೀಂ ಕೋರ್ಟಿನಲ್ಲಿ ವಾದ. ಶ್ಯಾನನ್ ಪರ ನಿಂತವರು ಪೀಟರ್ ರೈಟ್. ಅವರೂ ಬಾಲ್ಯದಲ್ಲಿ ಇಂಥದೇ ಕಲಿಕೆಯ ತೊಂದರೆ ಅನುಭವಿಸಿದವರು. 34 ದಿನಕ್ಕೆ, ನವೆಂಬರ್ 9ರಂದು, ಮತ್ತೆ ಒಮ್ಮತದ ತೀರ್ಪು ಬಂತು. ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ ಬರೆದದ್ದು. ಫೀಸು ಕಟ್ಟೋದು ಬೇಡ ಅನ್ನೋ ಮಂಡಳಿಗೆ ದಾರಿ ಸುಲಭ ಇದೆ, ತಾನೇ ಸರಿಯಾಗಿ ಕಲಿಸಲಿ, ಇಲ್ಲಾ ಸರಿಯಾದ ಖಾಸಗಿ ಶಾಲೆಗೆ ತಾನೇ ಕಳಿಸಲಿ ಅನ್ನೋದು ಅದರ ತಾತ್ಪರ್ಯ.

ಈ ಎರಡು ತೀರ್ಪಿನಿಂದ ಮೂರು ಪ್ರಶ್ನೆಗಳ ಪರೀಕ್ಷೆ ಹುಟ್ಟಿತು, ಇವತ್ತಿಗೂ ನಡೀತಿರೋದು ಅದೇ. ಒಂದು, ಮಂಡಳಿ ಕೊಟ್ಟ ಯೋಜನೆ ಸೂಕ್ತ ಅಲ್ಲವಾ? ಎರಡು, ಅಪ್ಪ ಅಮ್ಮ ಆರಿಸಿದ ಶಾಲೆ ಈ ಮಗುವಿಗೆ ಸರಿಯಾದದ್ದಾ? ಮೂರು, ಅಪ್ಪ ಅಮ್ಮ ನ್ಯಾಯವಾಗಿ ನಡ್ಕೊಂಡಿದ್ದಾರಾ? ಮೂರಕ್ಕೂ ಹೌದು ಅಂದ್ರೆ ಫೀಸು ವಾಪಸ್.

ಮೂರನೇ ಪ್ರಶ್ನೆಯನ್ನು ಹಗುರ ಅಂದ್ಕೋಬೇಡಿ. 1997ರ ತಿದ್ದುಪಡಿಯಲ್ಲಿ ಸಂಸತ್ತು ಒಂದು ನಿಯಮ ಸೇರಿಸ್ತು. ಕೊನೆಯ ಐಇಪಿ ಸಭೆಯಲ್ಲಿ ಬಾಯಿ ಬಿಟ್ಟು ಹೇಳಿರಬೇಕು, ಇಲ್ಲಾ ಮಗುವನ್ನು ತೆಗೆಯೋಕೆ 10 ಕೆಲಸದ ದಿನ ಮೊದಲು ಬರವಣಿಗೆಯಲ್ಲಿ ತಿಳಿಸಿರಬೇಕು: ನಿಮ್ಮ ಯೋಜನೆ ಒಪ್ಪಲ್ಲ, ಕಾರಣ ಇದು, ಖಾಸಗಿ ಶಾಲೆಗೆ ಸೇರಿಸ್ತೀವಿ, ಖರ್ಚು ನಿಮ್ಮಿಂದ ಕೇಳ್ತೀವಿ ಅಂತ. ತಿಳಿಸದಿದ್ರೆ ದುಡ್ಡು ಕಡಿತ ಆಗಬಹುದು, ಪೂರ್ತಿ ಹೋಗಲೂಬಹುದು. ಅಕ್ಕ ಸಭೆಯಲ್ಲಿ ಏನೂ ಹೇಳಿರಲಿಲ್ಲ. "ಅಷ್ಟು ಜನ ಎದುರಿಗೆ ಕೂತಿದ್ರು ಕಣೋ, ಥ್ಯಾಂಕ್ಯೂ ಅಂತ ಹೇಳಿ ಬಂದೆ" ಅಂದಳು. ನಾವು ಬೆಳೆದದ್ದೇ ಹಾಗಲ್ವಾ...

*

ಇಲ್ಲೊಂದು ಕಹಿ ಮಾತೂ ಹೇಳಬೇಕು. ಮೊದಲು ಕಟ್ಟಿ ಆಮೇಲೆ ವಾಪಸ್ ತಗೋ ಅಂದ್ರೆ, ಮೊದಲು ಕಟ್ಟೋಕೆ ದುಡ್ಡಿದ್ದವರಿಗೆ ಮಾತ್ರ ಈ ಹಕ್ಕು ಅಂತಾಯ್ತಲ್ಲ? 2007ರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ನ್ಯೂಯಾರ್ಕ್ ನಗರದ ಒಂದು ಕೇಸಿನಲ್ಲಿ ಫೀಸು ಕೇಳಿದ ತಂದೆ ಯಾರು ಗೊತ್ತಾ? ವಯಾಕಾಂ ಕಂಪನಿಯ ಮುಖ್ಯಸ್ಥರಾಗಿದ್ದ ಟಾಮ್ ಫ್ರೆಸ್ಟನ್! ಮಗು ಒಮ್ಮೆಯೂ ಸರ್ಕಾರಿ ಶಾಲೆಯ ವಿಶೇಷ ಶಿಕ್ಷಣ ಪಡೆಯದೇ ಇದ್ರೂ ಕೇಳಬಹುದಾ ಅನ್ನೋದು ಪ್ರಶ್ನೆ. ಕೋರ್ಟು 4-4 ಆಗಿ ಒಡೆದು ಏನೂ ಹೇಳದೆ ಕೈ ತೊಳ್ಕೊಂಡಿತು. 2009ರಲ್ಲಿ ಒರೆಗಾನಿನ ಫಾರೆಸ್ಟ್ ಗ್ರೋವ್ ಪ್ರಕರಣದಲ್ಲಿ 6-3 ಅಂತರದಲ್ಲಿ "ಕೇಳಬಹುದು" ಅಂತ ತೀರ್ಮಾನವಾಯ್ತು. ತಮಾಷೆ ಅಂದ್ರೆ ಆ ಕೇಸನ್ನು ಗೆದ್ದ ಮನೆಯವರಿಗೇ ಕೊನೆಗೆ ದುಡ್ಡು ಸಿಗಲಿಲ್ಲ. ಕೆಳಗಿನ ಕೋರ್ಟಿಗೆ ವಾಪಸ್ ಹೋದಾಗ ಆ ಮೂರನೇ ಪ್ರಶ್ನೆಯಲ್ಲಿ ಸೋತ್ರು. 2011ರಲ್ಲಿ ಮೇಲ್ಮನವಿ ಕೋರ್ಟೂ ಅದನ್ನೇ ಎತ್ತಿ ಹಿಡೀತು.

ದುಡ್ಡಿಲ್ಲದವರಿಗೆ ಇನ್ನೂ ಅಡೆತಡೆಗಳಿವೆ. 2005ರಲ್ಲಿ ಕೋರ್ಟು, ಯಾರು ದೂರು ಕೊಡ್ತಾರೋ ಅವರೇ ಸಾಬೀತು ಮಾಡಬೇಕು ಅಂದಿತು. 2006ರಲ್ಲಿ, ಅಪ್ಪ ಅಮ್ಮ ಗೆದ್ರೂ ತಜ್ಞರಿಗೆ ಕೊಟ್ಟ ಫೀಸು ವಾಪಸ್ ಇಲ್ಲ ಅಂದಿತು. 2007ರಲ್ಲಿ ಮಾತ್ರ ಒಂದು ಬೆಳಕಿನ ಕಿಂಡಿ. ಓಹಾಯೋದ ವಿಂಕಲ್‌ಮನ್ ದಂಪತಿ, ಆಟಿಸಂ ಇರೋ ಮಗನಿಗಾಗಿ ವಕೀಲರಿಲ್ಲದೆ ತಾವೇ ಕೋರ್ಟಿಗೆ ಹೋಗಿದ್ರು. ಹೋಗಬಹುದು, ಇದು ಮಗುವಿನ ಹಕ್ಕು ಮಾತ್ರ ಅಲ್ಲ, ಅಪ್ಪ ಅಮ್ಮನ ಹಕ್ಕೂ ಹೌದು ಅಂತ ತೀರ್ಪಾಯ್ತು. ನ್ಯೂಜೆರ್ಸಿಯಲ್ಲಿ 2008ರ ಕಾನೂನೊಂದು ಸಾಬೀತಿನ ಭಾರವನ್ನ ತಿರುಗಿಸಿ ಮಂಡಳಿಯ ಮೇಲೇ ಹಾಕಿದೆ. ಅಕ್ಕನ ಅದೃಷ್ಟ.

ಇನ್ನು ಪುಟ್ಟನ ಕಥೆಗೆ ತೀರಾ ಹತ್ತಿರವಾದದ್ದು ಎಂಡ್ರೂ ಎಫ್. ಕೊಲೊರಾಡೋದ ಹುಡುಗ, ಆಟಿಸಂ. ವರ್ಷದಿಂದ ವರ್ಷಕ್ಕೆ ಐಇಪಿಯಲ್ಲಿ ಹೆಚ್ಚುಕಡಿಮೆ ಅವೇ ಗುರಿಗಳು. (ಇದನ್ನು ಓದಿ ನಾನು ಕುರ್ಚಿಯಿಂದ ಎದ್ದು ನಿಂತೆ.) 2010ರಲ್ಲಿ ಅಪ್ಪ ಅಮ್ಮ ಆಟಿಸಂ ಮಕ್ಕಳ ಖಾಸಗಿ ಶಾಲೆಗೆ ಸೇರಿಸಿದ್ರು, ಕೆಲವೇ ತಿಂಗಳಲ್ಲಿ ಹುಡುಗ ಸುಧಾರಿಸಿದ. ಫೀಸು ಕೇಳಿದ್ರೆ ಕೆಳಗಿನ ಕೋರ್ಟುಗಳೆಲ್ಲ ಇಲ್ಲ ಅಂದವು. ಮಗುವಿಗೆ ಚೂರುಪಾರು ಪ್ರಯೋಜನ ಆದ್ರೂ ಸಾಕು ಅನ್ನೋದು ಅಲ್ಲಿಯ ಅಳತೆಗೋಲು. ಆ ಅಳತೆಗೋಲನ್ನು 2008ರಲ್ಲಿ ಇನ್ನೊಂದು ಆಟಿಸಂ ಮಗುವಿನ ಫೀಸಿನ ಕೇಸಿನಲ್ಲೇ ಬರೆದಿದ್ದವರು ನ್ಯಾಯಾಧೀಶ ನೀಲ್ ಗೊರ್ಸಚ್. 2017ರ ಮಾರ್ಚ್ 22ರಂದು ಅದೇ ಗೊರ್ಸಚ್ ಸುಪ್ರೀಂ ಕೋರ್ಟಿಗೆ ನೇಮಕವಾಗೋಕೆ ಸೆನೆಟ್ ಮುಂದೆ ಕೂತು ಪ್ರಶ್ನೆಗಳಿಗೆ ಉತ್ತರಿಸ್ತಿದ್ದಾಗಲೇ, ಅತ್ತ ಸುಪ್ರೀಂ ಕೋರ್ಟು 8-0 ಒಮ್ಮತದಿಂದ ಆ ಅಳತೆಗೋಲನ್ನು ಮುರಿದು ಹಾಕಿತು! ಸಿನಿಮಾದಲ್ಲಿ ತೋರಿಸಿದ್ರೂ ಯಾರೂ ನಂಬಲ್ಲ. ಪ್ರತಿ ಮಗುವಿಗೂ ಅದರ ಪರಿಸ್ಥಿತಿಗೆ ತಕ್ಕ ಹಾಗೆ ನಿಜವಾದ ಪ್ರಗತಿ ಆಗುವಂಥ ಯೋಜನೆ ಇರಬೇಕು, ಗುರಿಗಳು ಮಗುವನ್ನು ಮೇಲಕ್ಕೆ ಎಳೆಯುವಂತಿರಬೇಕು ಅಂದ್ರು ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್. 2018ರಲ್ಲಿ ಆ ಮನೆಯವರಿಗೆ ಫೀಸು, ವಕೀಲರ ಖರ್ಚು ಎಲ್ಲ ಸೇರಿ 13 ಲಕ್ಷ ಡಾಲರಿಗೆ ರಾಜಿಯಾಯ್ತು.

ಎಂಟು ವರ್ಷ. ಶ್ಯಾನನ್‌ಗೂ 1985ರಿಂದ 1993, ಎಂಟು ವರ್ಷ. ತೀರ್ಪು ಬರೋ ಹೊತ್ತಿಗೆ ಅವಳು ಶಾಲೆ ಮುಗಿಸಿ ಐದು ವರ್ಷ ಆಗಿತ್ತು.

*

ಇಷ್ಟು ಓದಿದ ಮೇಲೆ ನಮ್ಮ ಕಡೆ ಏನಿದೆ ಅಂತ ನೋಡದೇ ಇರೋಕಾಗುತ್ತಾ? ನಮ್ಮಲ್ಲೂ ಸರ್ಕಾರ ಖಾಸಗಿ ಶಾಲೆಗೆ ಫೀಸು ಕಟ್ಟೋ ಕಾನೂನು ಇದೆ. 2009ರ ಆರ್‌ಟಿಇ. ಖಾಸಗಿ ಶಾಲೆಯ 25 ಶೇಕಡಾ ಸೀಟು ಬಡ ಮತ್ತು ಹಿಂದುಳಿದ ಮಕ್ಕಳಿಗೆ, ಸರ್ಕಾರ ನೇರವಾಗಿ ಶಾಲೆಗೆ ದುಡ್ಡು ಕೊಡುತ್ತೆ. ಅಪ್ಪ ಅಮ್ಮ ಮೊದಲು ಕಟ್ಟೋ ಹಾಗಿಲ್ಲ, ಈ ಒಂದು ವಿಷಯದಲ್ಲಿ ಅಮೆರಿಕದ್ದಕ್ಕಿಂತ ನಮ್ಮದೇ ವಾಸಿ. ಆದರೆ 2019ರಲ್ಲಿ ಕರ್ನಾಟಕ ನಿಯಮ ಬದಲಾಯಿಸಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ರೆ ಖಾಸಗಿ ಸೀಟು ಇಲ್ಲ ಅಂತು.

ಇನ್ನೊಂದು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಅದರ 31ನೇ ಸೆಕ್ಷನ್ ಓದಿ ನಂಗೆ ಆಶ್ಚರ್ಯ ಆಯ್ತು. ನಿಗದಿತ ಮಟ್ಟದ ಅಂಗವೈಕಲ್ಯ ಇರೋ 6ರಿಂದ 18 ವರ್ಷದ ಪ್ರತಿ ಮಗುವಿಗೂ ಹತ್ತಿರದ ಶಾಲೆಯಲ್ಲಿ ಅಥವಾ ತಾನು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಬಯಸಿದ! ಅಮೆರಿಕದ ಕಾನೂನಿನಲ್ಲೂ ಇಷ್ಟು ಧಾರಾಳವಾದ ಪದ ಇಲ್ಲ. ಆದರೆ ಆ ಸೆಕ್ಷನ್ನಿನಲ್ಲಿ ಹತ್ತು ದಿನದ ಪತ್ರ ಇಲ್ಲ, ಮೂರು ಪ್ರಶ್ನೆ ಇಲ್ಲ, ಕಟ್ಟಿದ ಫೀಸು ವಾಪಸ್ ಕೇಳೋ ದಾರಿ ಇಲ್ಲ. ಅಲ್ಲಿ ಕಾನೂನಿನ ಪದ ಚಿಕ್ಕದಿತ್ತು, ಜನ ಕೋರ್ಟು ಮೆಟ್ಟಿಲು ಹತ್ತಿ ಹತ್ತಿ ಅದನ್ನು ದೊಡ್ಡದು ಮಾಡಿದ್ರು. ನಮ್ಮಲ್ಲಿ ಪದ ದೊಡ್ಡದಿದೆ. ಅದನ್ನು ಹಿಡ್ಕೊಂಡು ಮೆಟ್ಟಿಲು ಹತ್ತೋ ಮೈಕೆಲ್‌ನ ಅಪ್ಪ, ಶ್ಯಾನನ್‌ಳ ಅಮ್ಮ ನಮ್ಮಲ್ಲಿ ಎಷ್ಟು ಜನ ಇದ್ದಾರೆ? ನಮ್ಮಜ್ಜ ಆ ದಿನ ಮೇಷ್ಟ್ರ ಹತ್ರ ಒಂದು ಮಾತು ಜಾಸ್ತಿ ಆಡಿದ್ರೆ ಏನಾಗ್ತಿತ್ತು ಅಂತ ಈಗೀಗ ಯೋಚನೆ ಬರುತ್ತೆ. ಅಜ್ಜನ್ನ ದೂರೋಕಲ್ಲ. ಅವರ ಹಿಂದೆ ಒಂದು ಕಾನೂನೂ ಇರಲಿಲ್ಲ, ಪಕ್ಕದ ಮನೆಯ ಇನ್ನೊಬ್ಬ ಅಮ್ಮನೂ ಇರಲಿಲ್ಲ.

*

ಕೊನೆಗೆ ಅಕ್ಕನ ವಿಷಯ.

ನಾನು ಒಂದು ಎಕ್ಸೆಲ್ ಶೀಟ್ ಮಾಡಿ ಕಳಿಸಿದೆ (ಮತ್ತೇನು ಮಾಡ್ತೀನಿ, ಇಂಜಿನಿಯರು!). ಒಂದು ಕಾಲಂನಲ್ಲಿ ಹೋದ ವರ್ಷದ ಗುರಿ, ಪಕ್ಕದಲ್ಲಿ ಈ ವರ್ಷದ ಗುರಿ. ಹನ್ನೊಂದು ಸಾಲಿನಲ್ಲಿ ಒಂಬತ್ತು ಅಕ್ಷರ ಅಕ್ಷರವೂ ಒಂದೇ. ವಕೀಲರು ಬೇಕೇ ಬೇಕು, ನನ್ನ ಮಾತು ನಂಬ್ಕೊಂಡು ಕೂರಬೇಡ ಅಂತಲೂ ಹೇಳಿದೆ. ಒಬ್ಬರು ವಕೀಲೆ ಸಿಕ್ಕಿದ್ದಾರೆ. ಶೀಟ್ ನೋಡಿ "ಇದನ್ನ ಯಾರು ಮಾಡಿದ್ದು?" ಅಂತ ಕೇಳಿದ್ರಂತೆ. ಅಕ್ಕ ಹೆಮ್ಮೆಯಿಂದ "ನನ್ನ ತಮ್ಮ" ಅಂದಿದ್ದಾಳೆ. ಆದರೆ ಅವರು ಗೆಲ್ತೀವಿ ಅಂತ ಹೇಳಲಿಲ್ಲ. ಗೆಲ್ಲಬಹುದು, ಅರ್ಧಕ್ಕೆ ರಾಜಿ ಆಗಬಹುದು, ಸೋಲಲೂಬಹುದು ಅಂದ್ರಂತೆ.

ಅಪ್ಪನಿಗೆ ಫೋನಲ್ಲಿ ಇದನ್ನೆಲ್ಲ ವಿವರಿಸೋಕೆ ಒಂದು ಗಂಟೆ ಹಿಡೀತು. ಪೂರ್ತಿ ಕೇಳಿ ಅಪ್ಪ ಅಂದದ್ದು ಇಷ್ಟೇ: "ಸೋತ್ರೆ ಸೈಟು ಹೋಗುತ್ತೆ ಅಷ್ಟೇ ಅಲ್ವಾ? ಸೈಟು ಆಮೇಲೆ ನೋಡ್ಕೊಂಡ್ರಾಯ್ತು. ಪುಟ್ಟನ ಆರು ವರ್ಷ ಆಮೇಲೆ ಎಲ್ಲಿ ತರ್ತೀರಾ?"

ಸುಪ್ರೀಂ ಕೋರ್ಟು 1985ರಲ್ಲಿ ಎಷ್ಟೋ ಪುಟ ಬರೆದು ಹೇಳಿದ್ದನ್ನು ಅಪ್ಪ ಒಂದೇ ಸಾಲಿನಲ್ಲಿ ಹೇಳಿದ್ರು.

ಹೋದ ಸೋಮವಾರ ಅಕ್ಕ ಪತ್ರ ಕೊಟ್ಟಳು. ಈ ಸಲ ಥ್ಯಾಂಕ್ಯೂ ಅಂತ ಹೇಳಿ ಬರಲಿಲ್ಲವಂತೆ, ತಲುಪಿದ್ದಕ್ಕೆ ಸಹಿ ಹಾಕಿಸ್ಕೊಂಡು ಬಂದಳಂತೆ. 10 ಕೆಲಸದ ದಿನ. ಶನಿವಾರ ಭಾನುವಾರ ಲೆಕ್ಕಕ್ಕಿಲ್ಲ. ಇವತ್ತಿಗೆ ನಾಲ್ಕಾಯ್ತು. ಇನ್ನು ಆರು ದಿನ ಕಳೆದ ಮೇಲೆ ಪುಟ್ಟ ಹೊಸ ಶಾಲೆಗೆ ಹೋಗ್ತಾನೆ. ಫೀಸಿನ ಜಗಳ ಆಮೇಲೆ ಎಷ್ಟು ದಿನ ನಡೆಯುತ್ತೋ ನಡೀಲಿ.

ನಿಮ್ಮ ಮನೆಯಲ್ಲೋ, ಬೀದಿಯಲ್ಲೋ ಪುಟ್ಟನಂಥ ಮಗು ಇದ್ರೆ, ಇಲ್ಲಿ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಆ 31ನೇ ಸೆಕ್ಷನ್ ಹಿಡ್ಕೊಂಡು ಯಾವುದಾದ್ರೂ ಕಚೇರಿಗೆ ಹೋದ ಅನುಭವ ನಿಮಗಿದ್ರೆ ದಯವಿಟ್ಟು ಬರೀರಿ. ಮುಂದೆ ಓದೋ ಇನ್ನೊಬ್ಬ ಅಕ್ಕನಿಗೆ ಉಪಯೋಗ ಆಗುತ್ತೆ.

ಪುಟ್ಟನ ಸುದ್ದಿ ಏನಾದ್ರೂ ಬಂದ್ರೆ ನಾನೂ ಬರೀತೀನಿ.